ಕೈಕೊಡುವ ಪ್ರೊಸೆಸರುಗಳ ಲೆಕ್ಕ

ಸೂಪರ್‌ಕಂಪ್ಯೂಟರಿನ ಸುದ್ದಿ ಬಂದಾಗಲೆಲ್ಲ ಎರಡು ಅಂಕಿ ತಪ್ಪದೇ ಇರುತ್ತವೆ: ಎಷ್ಟು ಪ್ರೊಸೆಸರ್, ಸೆಕೆಂಡಿಗೆ ಎಷ್ಟು ಲೆಕ್ಕ. 2022ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಪರಮ್ ಪ್ರವೇಗ’ ಚಾಲೂ ಆದಾಗಲೂ 3.3 ಪೆಟಾಫ್ಲಾಪ್ ಎಂಬ ಅಂಕಿಯೇ ಎಲ್ಲ ಕಡೆ ಓಡಾಡಿತು. ಆ ಅಂಕಿ ಹೇಳುವುದು ಎಲ್ಲ ಪ್ರೊಸೆಸರುಗಳೂ ನೆಟ್ಟಗಿದ್ದು, ಎಲ್ಲವೂ ಒಂದೇ ಸಮನೆ ದುಡಿದರೆ ಆಗಬಹುದಾದ ಕೆಲಸವನ್ನು. ಅಷ್ಟು ಪ್ರೊಸೆಸರುಗಳಲ್ಲಿ ಒಂದು ಹೊತ್ತಿಗೆ ಎಷ್ಟು ನೆಟ್ಟಗಿರುತ್ತವೆ? ಕೆಟ್ಟದ್ದು ರಿಪೇರಿಯಾಗಲು ಎಷ್ಟು ದಿನ ಬೇಕು? ಈ ಏರುಪೇರಿನ ನಡುವೆ ಬಳಕೆದಾರನ ಕೆಲಸ ಯಾವಾಗ ಮುಗಿಯುತ್ತದೆ? ಈ ಪ್ರಶ್ನೆಗಳ ಸುತ್ತ ಏಳು ದಶಕಗಳಿಗೂ ಹೆಚ್ಚು ಕಾಲದಿಂದ ಗಣಿತ ಬೆಳೆದಿದೆ. ಅದನ್ನು ಒಮ್ಮೆ ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಕೂತು ನೋಡಿದರೆ ಈ ಗಣಿತದಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದು ದೊಡ್ಡ ಪ್ರಯೋಗಾಲಯಗಳಿಗೆ ಕಾಣುವುದಕ್ಕಿಂತ ಬೇರೆಯಾಗಿ ಕಾಣುತ್ತದೆ ಎಂಬುದೂ ನನ್ನ ವಾದದ ಭಾಗ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ 16 ಯಂತ್ರಗಳ ಕ್ಲಸ್ಟರ್ ಇದೆ ಎಂದುಕೊಳ್ಳೋಣ. ಪ್ರತಿ ಯಂತ್ರ ಸರಾಸರಿ ವರ್ಷಕ್ಕೊಮ್ಮೆ ಕೆಡುತ್ತದೆ. ಕೆಟ್ಟರೆ ಪವರ್ ಸಪ್ಲೈಯೋ ಮದರ್‌ಬೋರ್ಡೋ ಬೆಂಗಳೂರಿನಿಂದ ಬರಬೇಕು. ಅದಕ್ಕೆ ಮೊದಲು ಕೊಟೇಶನ್, ಮಂಜೂರಾತಿ, ಬಿಲ್ಲು. ಹಾಗಾಗಿ ರಿಪೇರಿಗೆ ಸರಾಸರಿ 30 ದಿನ. ಒಂದು ಯಂತ್ರ ನೆಟ್ಟಗಿರುವ ಕಾಲದ ಪಾಲು 8,760 ಗಂಟೆಯನ್ನು 9,480ರಿಂದ ಭಾಗಿಸಿದಷ್ಟು, ಅಂದರೆ ಶೇ. 92.4. ಸರಾಸರಿ 14.8 ಯಂತ್ರ ಸದಾ ಕೆಲಸದಲ್ಲಿವೆ ಎಂದು ವಾರ್ಷಿಕ ವರದಿಯಲ್ಲಿ ಬರೆದರೆ ಯಾರೂ ತಕರಾರು ತೆಗೆಯಲಾರರು. ಆದರೆ 16 ಯಂತ್ರಗಳೂ ಒಟ್ಟಿಗೆ ಬೇಕಾದ ಕೆಲಸವೊಂದನ್ನು ಸರದಿಗೆ ಹಾಕಿದ ವಿದ್ಯಾರ್ಥಿಯ ಪಾಡು ಬೇರೆ. ಹದಿನಾರೂ ಏಕಕಾಲಕ್ಕೆ ನೆಟ್ಟಗಿರುವ ಸಂಭವ 0.924ರ ಹದಿನಾರನೇ ಘಾತ: ಸುಮಾರು ಶೇ. 28. ಹತ್ತು ದಿನದಲ್ಲಿ ಏಳು ದಿನ ಆ ಕೆಲಸ ಶುರುವೇ ಆಗುವುದಿಲ್ಲ. ಅದೇ ವಿದ್ಯಾರ್ಥಿ 14 ಯಂತ್ರ ಸಾಕು ಎಂದು ಪ್ರೋಗ್ರಾಮನ್ನು ತಿದ್ದಿಕೊಂಡರೆ ಸಂಭವ ಶೇ. 88ಕ್ಕೆ ಏರುತ್ತದೆ. ಯಂತ್ರಗಳು ಅವೇ, ಕೆಡುವ ದರವೂ ಅದೇ. ಕೇಳಿದ ಪ್ರಶ್ನೆ ಬೇರೆಯಾದದ್ದರಿಂದ ಉತ್ತರವೂ ಬೇರೆಯಾಯಿತು. ಈ ಕ್ಷೇತ್ರದ ಸಾರವೆಲ್ಲ ಹೆಚ್ಚುಕಡಿಮೆ ಇಲ್ಲಿದೆ.

ಈ ಗಣಿತ ಹುಟ್ಟಿದ್ದು ಕಂಪ್ಯೂಟರಿನ ಕೋಣೆಯಲ್ಲಿ ಅಲ್ಲ, ಅದರ ಬೇರು ಜವಳಿ ಗಿರಣಿಗಳಲ್ಲಿದೆ. ಗೋಪನಕೊಪ್ಪದ ಪಕ್ಕದ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವುದು ನಾಡಿಗೇ ಗೊತ್ತು; ಅತ್ತ ಇಳಕಲ್, ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದು ಕೇಳಿ ಬೆಳೆದವರಿಗೆ ಆ ಸಮಸ್ಯೆ ವಿವರಿಸಬೇಕಾಗಿಯೇ ಇಲ್ಲ. ಒಬ್ಬ ಕೆಲಸಗಾರ ಹಲವು ಯಂತ್ರಮಗ್ಗಗಳನ್ನು ನೋಡಿಕೊಳ್ಳುತ್ತಾನೆ. ಎಳೆ ಹರಿದರೆ ಮಗ್ಗ ನಿಲ್ಲುತ್ತದೆ. ಅವನು ಅಲ್ಲಿ ಗಂಟು ಹಾಕುತ್ತಿರುವಾಗ ಇನ್ನೊಂದರಲ್ಲಿ ಎಳೆ ಹರಿದರೆ ಅದು ಅವನಿಗಾಗಿ ಕಾಯುತ್ತದೆ. ಒಬ್ಬನಿಗೆ ಎಷ್ಟು ಮಗ್ಗ ಒಪ್ಪಿಸಿದರೆ ಒಟ್ಟು ಬಟ್ಟೆ ಹೆಚ್ಚು? ಸ್ವೀಡನ್ನಿನ ಕೊನ್ನಿ ಪಾಮ್ 1947ರಲ್ಲಿ, ಬ್ರಿಟನ್ನಿನ ಆಶ್‌ಕ್ರಾಫ್ಟ್ 1950ರಲ್ಲಿ, ಬೆನ್ಸನ್ ಮತ್ತು ಡೇವಿಡ್ ಕಾಕ್ಸ್ 1951ರಲ್ಲಿ ಇದಕ್ಕೆ ಸೂತ್ರ ಕೊಟ್ಟರು. ಕಾಕ್ಸ್ ಮುಂದೆ ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞರಾದರು. ಆದರೆ ಅದಕ್ಕೆ ಮೊದಲು ಲೀಡ್ಸ್‌ನ ಉಣ್ಣೆ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಮಗ್ಗದ ಜಾಗಕ್ಕೆ ಪ್ರೊಸೆಸರನ್ನೂ, ಗಂಟು ಹಾಕುವವನ ಜಾಗಕ್ಕೆ ಲ್ಯಾಬಿನ ಟೆಕ್ನಿಷಿಯನ್ನನ್ನೂ ಇಟ್ಟರೆ ಸೂತ್ರದಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ. ನಾನು ಮೇಲೆ ಕೊಟ್ಟ ಲೆಕ್ಕ ಪ್ರತಿ ಯಂತ್ರಕ್ಕೂ ಪ್ರತ್ಯೇಕ ರಿಪೇರಿಗಾರ ಇದ್ದಾನೆಂಬ ಉದಾರ ಊಹೆಯದ್ದು. ಒಬ್ಬನೇ ಇದ್ದರೆ ಶೇ. 28 ಇನ್ನೂ ಕೆಳಗಿಳಿಯುತ್ತದೆ.

1968ರಲ್ಲಿ ಅವಿ-ಇಟ್ಜಾಕ್ ಮತ್ತು ಮಿತ್ರಾನಿ ಇದಕ್ಕೆ ಸರದಿಯನ್ನು ಸೇರಿಸಿದರು. ಕೆಲಸಗಳು ಬಂದು ಸಾಲುಗಟ್ಟುತ್ತವೆ, ಮಾಡುವವರು ಹಲವರು, ಆ ಮಾಡುವವರೇ ಆಗಾಗ ಕೈಕೊಡುತ್ತಾರೆ. ಇಂಥಲ್ಲಿ ಸರದಿಯ ಉದ್ದ ಎಷ್ಟಾಗುತ್ತದೆ ಎಂಬುದು ಅವರ ಪ್ರಶ್ನೆ. ಮುಂದೆ ನ್ಯೂಟ್ಸ್ ಮತ್ತು ಲೂಕಾಂಟೋನಿ ಅದನ್ನು ಮ್ಯಾಟ್ರಿಕ್ಸ್ ಬಳಸಿ, ಕಂಪ್ಯೂಟರಿನಲ್ಲೇ ಬಿಡಿಸಬಹುದಾದ ರೂಪಕ್ಕೆ ತಂದರು. ಇಲ್ಲಿ ಸಿಕ್ಕ ಒಂದು ತಿಳಿವಳಿಕೆ ಈಗಲೂ ಉಪಯುಕ್ತ: ಯಂತ್ರ ಅಪರೂಪಕ್ಕೆ ಕೆಟ್ಟು ಬಹುಕಾಲ ನಿಲ್ಲುವುದು, ಪದೇ ಪದೇ ಕೆಟ್ಟು ತಕ್ಷಣ ಏಳುವುದಕ್ಕಿಂತ ಕೆಟ್ಟದ್ದು. ಎರಡರಲ್ಲೂ ಶೇಕಡಾವಾರು ಒಂದೇ ಇದ್ದರೂ ಮೊದಲನೆಯದರಲ್ಲಿ ಸರದಿ ಬೆಳೆದು ಬೆಟ್ಟವಾಗುತ್ತದೆ, ಕರಗಲು ವಾರಗಟ್ಟಲೆ ಹಿಡಿಯುತ್ತದೆ.

ಕಂಪ್ಯೂಟರಿನ ಕಡೆಯಿಂದ ಬಿಡಿಭಾಗಗಳು ಕೆಡುವ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರು ಜಾನ್ ಫಾನ್ ನಾಯ್ಮನ್. ಸುಮಾರು 18,000 ನಿರ್ವಾತ ಕೊಳವೆಗಳಿದ್ದ ಎನಿಯಾಕ್‌ನಲ್ಲಿ ಒಂದೆರಡು ದಿನಕ್ಕೊಂದು ಕೊಳವೆ ಸಾಯುತ್ತಿತ್ತು. 1952ರಲ್ಲಿ ಕ್ಯಾಲ್ಟೆಕ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ಯಂತ್ರ ಕಟ್ಟುವುದು ಹೇಗೆಂದು ಅವರು ತೋರಿಸಿದರು. ಒಂದೇ ಲೆಕ್ಕವನ್ನು ಹಲವು ಕಡೆ ಮಾಡಿಸಿ ಬಹುಮತ ಕೇಳುವುದು ಅವರ ದಾರಿ. ಇದಕ್ಕೊಂದು ಎಚ್ಚರಿಕೆ ಒಳಗೇ ಇದೆ. ಒಂದು ಭಾಗ ಸರಿ ಇರುವ ಸಂಭವ 0.9 ಇದ್ದರೆ ಮೂರರ ಬಹುಮತ 0.972ಕ್ಕೆ ಏರುತ್ತದೆ. ಅದೇ 0.4 ಇದ್ದರೆ ಬಹುಮತ 0.352ಕ್ಕೆ ಇಳಿಯುತ್ತದೆ. ಅರ್ಧಕ್ಕಿಂತ ಕೆಳಗಿನ ಭಾಗಗಳನ್ನು ಎಷ್ಟು ಸೇರಿಸಿದರೂ ಕೆಡುಕೇ ಹೆಚ್ಚುತ್ತದೆ.

ನಮ್ಮ ನಾಡಿನ ಕಥೆ 1986ರಿಂದ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ ಯು. ಎನ್. ಸಿನ್ಹಾ ಮತ್ತು ಸಂಗಡಿಗರು ‘ಫ್ಲೋಸಾಲ್ವರ್’ ಕಟ್ಟಿದರು. ಇಂಟೆಲ್ 8086 ಪ್ರೊಸೆಸರುಗಳನ್ನು ಜೋಡಿಸಿದ ಆ ಯಂತ್ರ ಭಾರತದ ಮೊದಲ ಸಮಾಂತರ ಕಂಪ್ಯೂಟರ್. ಪುಣೆಯ ಸಿ-ಡ್ಯಾಕ್ ‘ಪರಮ್ 8000’ ತಂದದ್ದು 1991ರಲ್ಲಿ. ಪ್ರೊಸೆಸರುಗಳು ಕಡಿಮೆ ಇದ್ದ ಆ ಕಾಲಕ್ಕೆ ಕೆಡುವುದು ದೊಡ್ಡ ವಿಷಯವಾಗಿರಲಿಲ್ಲ. ಆಗಿನ ಚಿಂತೆಯೆಲ್ಲ ಆಮ್ಡಾಲ್ 1967ರಲ್ಲಿ ಹೇಳಿದ ಮಿತಿಯದ್ದು. ಪ್ರೋಗ್ರಾಮಿನಲ್ಲಿ ಹಂಚಿಕೊಳ್ಳಲಾಗದ ಭಾಗ ಶೇ. 5 ಇದ್ದರೂ ಸಾಕು, ಎಷ್ಟು ಪ್ರೊಸೆಸರ್ ಹಾಕಿದರೂ ವೇಗ 20 ಪಟ್ಟು ದಾಟದು. 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ‘ಸಹಸ್ರ-ಟಿ’ ಬಂದಾಗ ಪರಿಸ್ಥಿತಿ ಬದಲಾಗಿತ್ತು. ಕ್ರೇ ಕಂಪನಿಯ ಆ ಯಂತ್ರದಲ್ಲಿ ತಲಾ 24 ಕೋರ್‌ಗಳ 1,376 ನೋಡ್‌ಗಳಿದ್ದವು, ಒಟ್ಟು 33,024 ಕೋರ್. ನೋಡ್ ಎಂದರೆ ಇಂಥ ವ್ಯವಸ್ಥೆಯ ಒಂದು ಯಂತ್ರ, ಕೋರ್ ಎಂದರೆ ಅದರ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದು ಘಟಕ.

ಅಷ್ಟು ನೋಡ್ ಇದ್ದರೆ ಏನಾಗುತ್ತದೆ? ಒಂದೊಂದು ನೋಡ್ ಐದು ವರ್ಷಕ್ಕೊಮ್ಮೆ ಮಾತ್ರ ಕೆಡುತ್ತದೆ ಎಂದು ಊಹಿಸಿಕೊಳ್ಳಿ. ಇದು ಸಹಸ್ರ-ಟಿಯ ದಾಖಲೆಯಲ್ಲ, ನನ್ನ ಉದಾಹರಣೆ. ಐದು ವರ್ಷವೆಂದರೆ 43,800 ಗಂಟೆ. 1,376ರಿಂದ ಭಾಗಿಸಿದರೆ 32 ಗಂಟೆ. ಒಂದೂವರೆ ದಿನದೊಳಗೆ ಎಲ್ಲೋ ಒಂದು ನೋಡ್ ಬೀಳುತ್ತದೆ. ಎಲ್ಲ ನೋಡ್‌ಗಳನ್ನೂ ಬಳಸುವ ಕೆಲಸದಲ್ಲಿ ಒಂದು ಬಿದ್ದರೂ ಎಲ್ಲ ನಿಲ್ಲುತ್ತವೆ, ಮೊದಲಿನಿಂದ ಶುರು. 32 ಗಂಟೆಯ ಕೆಲಸ ಹೀಗೆ ಬಿದ್ದು ಎದ್ದು ಮುಗಿಯಲು ಸರಾಸರಿ 55 ಗಂಟೆ ಬೇಕು. 64 ಗಂಟೆಯದ್ದಕ್ಕೆ 204 ಗಂಟೆ. 96 ಗಂಟೆಯ ಕೆಲಸಕ್ಕೆ 611 ಗಂಟೆ, ಅಂದರೆ ನಾಲ್ಕು ದಿನದ ಕೆಲಸಕ್ಕೆ ಇಪ್ಪತ್ತೈದು ದಿನ. ಸರಾಸರಿ ಸಮಯ ಘಾತೀಯವಾಗಿ ಬೆಳೆಯುವುದೆಂದರೆ ಇದು.

ಇದಕ್ಕೆ ಮದ್ದು ಚೆಕ್‌ಪಾಯಿಂಟ್: ಆಗಾಗ ಕೆಲಸ ನಿಲ್ಲಿಸಿ ಅಲ್ಲಿಯವರೆಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುವುದು, ಬಿದ್ದರೆ ಅಲ್ಲಿಂದ ಎಬ್ಬಿಸುವುದು. ಎಷ್ಟು ಹೊತ್ತಿಗೊಮ್ಮೆ ಬರೆಯಬೇಕು? ಪದೇ ಪದೇ ಬರೆದರೆ ಬರೆಯುವುದೇ ಕೆಲಸವಾಗುತ್ತದೆ. ವಿರಳವಾಗಿ ಬರೆದರೆ ಬಿದ್ದಾಗ ಕಳೆದುಕೊಳ್ಳುವುದು ಹೆಚ್ಚು. ಜಾನ್ ಯಂಗ್ 1974ರಲ್ಲಿ ಒಂದೆರಡು ಪುಟದ ಟಿಪ್ಪಣಿಯಲ್ಲಿ ಉತ್ತರ ಕೊಟ್ಟರು. ಒಮ್ಮೆ ಬರೆಯಲು ಹಿಡಿಯುವ ಸಮಯವನ್ನು ಎರಡು ವೈಫಲ್ಯಗಳ ನಡುವಿನ ಸರಾಸರಿ ಸಮಯದಿಂದ ಗುಣಿಸಿ, ಅದನ್ನು ಇಮ್ಮಡಿಸಿ, ವರ್ಗಮೂಲ ತೆಗೆಯಿರಿ. ಬರೆಯಲು 6 ನಿಮಿಷ, ವೈಫಲ್ಯ 32 ಗಂಟೆಗೊಮ್ಮೆ ಎಂದಾದರೆ ಎರಡೂವರೆ ಗಂಟೆಗೊಮ್ಮೆ ಬರೆಯುವುದು ಒಳ್ಳೆಯದು. ಒಟ್ಟು ನಷ್ಟ ಶೇ. 8ರ ಒಳಗೆ. ಇಪ್ಪತ್ತೈದು ದಿನ ನಾಲ್ಕೂ ಚಿಲ್ಲರೆ ದಿನಕ್ಕೆ ಇಳಿಯಿತು. ಇಡೀ ಕ್ಷೇತ್ರದಲ್ಲಿ ಇಷ್ಟು ಕಡಿಮೆ ಗಣಿತಕ್ಕೆ ಇಷ್ಟು ದೊಡ್ಡ ಫಲ ಸಿಕ್ಕ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಲಾಸ್ ಅಲಮೋಸ್‌ನ ಡೇಲಿ 2006ರಲ್ಲಿ ಈ ಸೂತ್ರವನ್ನು ಇನ್ನಷ್ಟು ತಿದ್ದಿದರು. ವೈಫಲ್ಯಗಳು ತೀರ ಹತ್ತಿರ ಹತ್ತಿರ ಬಂದಾಗ ಯಂಗ್ ಸೂತ್ರ ಹಳಿ ತಪ್ಪುತ್ತದೆ, ಅಲ್ಲಿ ತಿದ್ದುಪಡಿ ಬೇಕು.

ಇದರ ಒಳಗೊಂದು ಅಹಿತಕರ ಸತ್ಯವೂ ಅಡಗಿದೆ. ನೋಡ್‌ಗಳು ಹೆಚ್ಚಿದಂತೆ ವೈಫಲ್ಯಗಳ ನಡುವಿನ ಸಮಯ ಕುಗ್ಗುತ್ತದೆ. ಅದೇ ನೋಡ್‌ಗಳು ಹತ್ತು ಸಾವಿರವಾದರೆ ನಾಲ್ಕು ಗಂಟೆ ಚಿಲ್ಲರೆಗೊಮ್ಮೆ ಒಂದು ಬೀಳುತ್ತದೆ. ಬರೆಯುವ ಸಮಯ 6 ನಿಮಿಷವೇ ಇದ್ದರೆ ನಷ್ಟ ಶೇ. 20 ದಾಟುತ್ತದೆ. ಒಂದು ಹಂತದ ಆಚೆ ಹೊಸದಾಗಿ ಸೇರಿಸಿದ ನೋಡ್ ತರುವ ಲಾಭಕ್ಕಿಂತ ಅದು ತರುವ ವೈಫಲ್ಯದ ನಷ್ಟ ಹೆಚ್ಚು. ಆಮ್ಡಾಲ್ ಹೇಳಿದ ಮಿತಿಯಲ್ಲಿ ವೇಗ ಏರುವುದು ನಿಲ್ಲುತ್ತದೆ. ಇಲ್ಲಿ ಏರಿದ ವೇಗ ಇಳಿಯುತ್ತದೆ. ಟೆಂಡರಿನಲ್ಲಿ ನೋಡ್‌ಗಳ ಸಂಖ್ಯೆಯನ್ನು ಮಾತ್ರ ಬರೆದು, ಡಿಸ್ಕಿಗೆ ಬರೆಯುವ ವೇಗವನ್ನು ಮರೆಯುವವರು ಈ ಇಳಿಜಾರನ್ನು ನೋಡಬೇಕು.

ಇಲ್ಲಿಯವರೆಗಿನ ಮಾದರಿಗಳಲ್ಲಿ ಯಂತ್ರ ಇದ್ದರೆ ಇದೆ, ಬಿದ್ದರೆ ಬಿದ್ದಿದೆ. ಎಂಟು ಪ್ರೊಸೆಸರಿನಲ್ಲಿ ಎರಡು ಕೆಟ್ಟರೆ ಉಳಿದ ಆರು ನಿಧಾನಕ್ಕಾದರೂ ಕೆಲಸ ಮುಂದುವರಿಸುವ ವ್ಯವಸ್ಥೆಗಳಿಗೆ ಈ ನೋಟ ಸಾಲದು. 1978ರಲ್ಲಿ ಬ್ಯೂಡ್ರಿ, 1980ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಮೇಯರ್ ಕಾರ್ಯಕ್ಷಮತೆ ಮತ್ತು ವಿಶ್ವಾಸಾರ್ಹತೆಗಳನ್ನು ಒಂದೇ ಅಳತೆಯಲ್ಲಿ ಬೆಸೆದರು. ಮೇಯರ್ ಅದಕ್ಕೆ ‘ಪರ್ಫಾರ್ಮೆಬಿಲಿಟಿ’ ಎಂದು ಹೆಸರಿಟ್ಟರು. ವ್ಯವಸ್ಥೆಯ ಪ್ರತಿಯೊಂದು ಸ್ಥಿತಿಗೂ (ಎಂಟು ನೆಟ್ಟಗೆ, ಏಳು ನೆಟ್ಟಗೆ, ಹೀಗೆ) ಆ ಸ್ಥಿತಿಯಲ್ಲಿ ಗಂಟೆಗೆ ಎಷ್ಟು ಕೆಲಸ ಆಗುತ್ತದೆಂಬ ಅಂಕಿ ಅಂಟಿಸುತ್ತಾರೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಾರುವ ದರಗಳನ್ನು ಬರೆಯುತ್ತಾರೆ. ನಿಗದಿತ ಅವಧಿಯಲ್ಲಿ ಒಟ್ಟು ಇಷ್ಟು ಕೆಲಸ ಆಗುವ ಸಂಭವ ಎಷ್ಟು ಎಂದು ಬಿಡಿಸುತ್ತಾರೆ. ಮುಂಬಯಿ ಐಐಟಿಯಲ್ಲಿ ಓದಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಕಿಶೋರ್ ತ್ರಿವೇದಿ ಇಂಥ ಮಾದರಿಗಳನ್ನು ಬಿಡಿಸುವ ಸಾಧನಗಳನ್ನು ಬೆಳೆಸಿದರು. ಸ್ಥಿತಿಗಳ ಸಂಖ್ಯೆ ಕೈಮೀರಿ ಬೆಳೆಯುವುದು ಈ ವಿಧಾನದ ದೊಡ್ಡ ತೊಡಕು: ಬೇರೆ ಬೇರೆ ಗುಣದ 20 ಯಂತ್ರಗಳಿದ್ದರೆ ಸ್ಥಿತಿಗಳು ಹತ್ತು ಲಕ್ಷ ದಾಟುತ್ತವೆ.

ಬೆಂಗಳೂರಿನಲ್ಲಿ ಈ ಧಾರೆಗೆ ಒಳ್ಳೆಯ ಒಕ್ಕಲು ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ವಿಶ್ವನಾಧಂ ಮತ್ತು ವೈ. ನರಹರಿ ಅವರು ಸ್ವಯಂಚಾಲಿತ ಕಾರ್ಖಾನೆಗಳ ಕಾರ್ಯಕ್ಷಮತೆಯನ್ನು ಮಾರ್ಕೋವ್ ಸರಪಳಿ, ಸರದಿ ಜಾಲ, ಪೆಟ್ರಿ ನೆಟ್‌ಗಳೆಂಬ ಗಣಿತ ಸಾಧನಗಳಿಂದ ಮಾದರಿಗೆ ತರುವ ಗ್ರಂಥವನ್ನು 1992ರಲ್ಲಿ ತಂದರು. ಅಲ್ಲಿ ಕೆಡುವುದು ಲೇತು, ರೋಬೋ. ಗಣಿತ ಮಾತ್ರ ನಾವು ನೋಡುತ್ತಿರುವುದೇ. ಮಗ್ಗದಿಂದ ಕಂಪ್ಯೂಟರಿಗೆ ಬಂದ ವಿದ್ಯೆ ಮತ್ತೆ ಕಾರ್ಖಾನೆಗೆ ಮರಳಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಅದೇ ಸಂಸ್ಥೆಯ ಅನುರಾಗ್ ಕುಮಾರ್ ಮತ್ತು ರಾಜೀವ್ ಶೋರೆ 1993ರಲ್ಲಿ ಕವಲೊಡೆದು ಕೂಡುವ ಕೆಲಸಗಳ ಕುರಿತು ಬರೆದರು. ಒಂದು ಕೆಲಸ ಹಲವು ತುಂಡಾಗಿ ಹಲವು ಪ್ರೊಸೆಸರಿಗೆ ಹೋಗುತ್ತದೆ, ಎಲ್ಲ ತುಂಡುಗಳೂ ಮುಗಿದ ಮೇಲೆ ಕೂಡುತ್ತದೆ. ಕೊನೆಯವನು ಬರುವವರೆಗೆ ಎಲ್ಲರೂ ಕಾಯಬೇಕು. ಒಂದೊಂದು ತುಂಡಿಗೆ ಸರಾಸರಿ ಒಂದು ನಿಮಿಷ, ಏರುಪೇರು ಘಾತೀಯ ವಿತರಣೆಯಂತೆ ಎಂದಾದರೆ, 16 ತುಂಡುಗಳು ಮುಗಿಯಲು ಸರಾಸರಿ 3.4 ನಿಮಿಷ; ಸಾವಿರ ತುಂಡುಗಳಿಗೆ ಏಳೂವರೆ. ಯಾವ ಯಂತ್ರವೂ ಕೆಡಬೇಕಿಲ್ಲ, ಒಂದು ನಿಧಾನವಾದರೆ ಸಾಕು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ಸತೀಶ್ ವಾಧಿಯಾರ್ ಅವರ ತಂಡ ದೊಡ್ಡ ಸಮಾಂತರ ವ್ಯವಸ್ಥೆಗಳಲ್ಲಿ ವೈಫಲ್ಯ ಸಹಿಷ್ಣುತೆ, ಚೆಕ್‌ಪಾಯಿಂಟ್ ಅಂತರ, ಪ್ರೊಸೆಸರುಗಳ ಸಂಖ್ಯೆಯನ್ನು ನಡುವೆ ಹಿಗ್ಗಿಸಿ ಕುಗ್ಗಿಸಬಲ್ಲ ಪ್ರೋಗ್ರಾಮುಗಳ ಬಗ್ಗೆ ಕೆಲಸ ಮಾಡಿದೆ. ನನ್ನ ಮೊದಲ ಲೆಕ್ಕದಲ್ಲಿ 16ರ ಬದಲು 14ಕ್ಕೆ ಒಪ್ಪಿಕೊಂಡ ವಿದ್ಯಾರ್ಥಿಗೆ ಬೇಕಾದದ್ದು ಇಂಥದೇ ವಿದ್ಯೆ.

ಮಾದರಿಗಳು ಎಷ್ಟೇ ಚೆಂದವಿರಲಿ, ಅವುಗಳ ಕೆಳಗಿನ ಊಹೆಗಳು ನಿಜವೇ ಎಂದು ನೋಡಲು ಬಹುಕಾಲ ಬಹಿರಂಗ ದಾಖಲೆ ಹೆಚ್ಚಾಗಿ ಇರಲಿಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯ ತನ್ನ ಯಂತ್ರಗಳ ವೈಫಲ್ಯದ ಕಡತಗಳನ್ನು ಬಹಿರಂಗಗೊಳಿಸಿತು. ಒಂಬತ್ತು ವರ್ಷ, 22 ವ್ಯವಸ್ಥೆ, ಸುಮಾರು 23,000 ವೈಫಲ್ಯ. ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ 2006ರಲ್ಲಿ ಅದನ್ನು ವಿಶ್ಲೇಷಿಸಿದಾಗ ಹಲವು ಊಹೆಗಳು ಬಿದ್ದವು. ವೈಫಲ್ಯಗಳ ನಡುವಿನ ಸಮಯ ಘಾತೀಯ ವಿತರಣೆಯನ್ನು ಪಾಲಿಸುವುದಿಲ್ಲ. ವೈಬುಲ್ ವಿತರಣೆಗೆ ಹತ್ತಿರ, ಅದೂ ಇಳಿಮುಖ ದರದ್ದು. ಅಂದರೆ ಒಂದು ವೈಫಲ್ಯದ ಬೆನ್ನಿಗೇ ಇನ್ನೊಂದು ಬರುವ ಸಂಭವ ಹೆಚ್ಚು, ಬಹಳ ಹೊತ್ತು ನೆಟ್ಟಗಿದ್ದದ್ದು ಇನ್ನೂ ನೆಟ್ಟಗಿರುವ ಸಂಭವ ಹೆಚ್ಚು. ರಿಪೇರಿಯ ಸಮಯ ಇನ್ನೊಂದು ಬಗೆಯ ಉದ್ದ ಬಾಲದ ವಿತರಣೆ: ಬಹುಪಾಲು ಬೇಗ ಮುಗಿಯುತ್ತವೆ, ಕೆಲವು ಲೆಕ್ಕ ಮೀರಿ ಎಳೆಯುತ್ತವೆ. ಹಗಲಿಗೆ, ಕೆಲಸದ ದಿನಗಳಿಗೆ ವೈಫಲ್ಯ ಹೆಚ್ಚು. ರಾತ್ರಿ, ವಾರಾಂತ್ಯಕ್ಕೆ ಕಡಿಮೆ. ಯಂತ್ರ ದುಡಿದಷ್ಟೂ ಕೆಡುತ್ತದೆ ಎಂಬುದು ಗಿರಣಿಯವರಿಗೆ ಯಾವತ್ತೋ ಗೊತ್ತಿದ್ದ ವಿಷಯ, ಕಂಪ್ಯೂಟರಿನವರಿಗೆ ಅಂಕಿಯ ರೂಪದಲ್ಲಿ ತಡವಾಗಿ ಸಿಕ್ಕಿತು.

ಹುಬ್ಬಳ್ಳಿಯಲ್ಲಿ ಕೂತವನಿಗೆ ಇನ್ನೊಂದು ಊಹೆ ಮೊದಲೇ ಕಣ್ಣಿಗೆ ಹೊಡೆಯುತ್ತದೆ: ಯಂತ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಕೆಡುತ್ತವೆ ಎಂಬುದು. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರೆ ಹದಿನಾರೂ ಒಟ್ಟಿಗೆ ಹೋಗುತ್ತವೆ. ಇದು ಒಂದು ಕಥೆ, ಯುಪಿಎಸ್ ತಡೆದು ಎಸಿ ನಿಂತರೆ ಇನ್ನೊಂದು ಕಥೆ. ಎರಡನೆಯದರಲ್ಲಿ ಪ್ರೊಸೆಸರ್ ಕಾದು ಮೊದಲು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆಮೇಲೆ ಆರುತ್ತದೆ. ಕಪಾಟಿನ ಮೇಲಿನ ಖಾನೆಯವು ಮೊದಲು, ಕೆಳಗಿನವು ಆಮೇಲೆ. ಇಂಥ ಒಂದು ಲ್ಯಾಬಿನ ಪರದೆಯನ್ನು ಹತ್ತಿರದಿಂದ ನೋಡಿದ್ದೇನೆ. ‘ಸ್ಲರ್ಮ್’ ಎಂಬ ಸರದಿ ನಿರ್ವಾಹಕ ಸಾಫ್ಟ್‌ವೇರ್ ನೋಡ್‌ಗಳ ಪಟ್ಟಿ ತೋರಿಸುತ್ತಿತ್ತು: ಕೆಲವು ‘ಐಡಲ್’, ಕೆಲವು ‘ಡೌನ್’, ಎರಡರ ಮುಂದೆ ‘ಡ್ರೇನ್’. ಡ್ರೇನ್ ಅಂದರೆ ನೋಡ್ ಸತ್ತಿಲ್ಲ, ಆದರೆ ಹೊಸ ಕೆಲಸ ಕೊಡಬೇಡಿ ಎಂದು ಯಾರೋ ಗುರುತು ಹಾಕಿದ್ದಾರೆ. ಯಾಕೆ ಹಾಕಿದರು ಎಂದು ಬರೆಯಲು ಪಕ್ಕದಲ್ಲೇ ಒಂದು ಜಾಗವಿದೆ. ಅಲ್ಲಿ ಬರೆದಿದ್ದದ್ದು ‘ಚೆಕ್’ ಎಂಬ ಒಂದೇ ಪದ, ತಾರೀಖು ಹಿಂದಿನ ಸೆಮಿಸ್ಟರಿನದು. ಆ ಎರಡು ನೋಡ್‌ಗಳು ಕೆಟ್ಟಿದ್ದವೋ ಇಲ್ಲವೋ ಅಲ್ಲಿದ್ದವರಿಗೂ ನೆನಪಿರಲಿಲ್ಲ. ಮೇಲೆ ನೋಡಿದ ಯಾವ ವೈಫಲ್ಯ ಮಾದರಿಯಲ್ಲೂ ಈ ಸ್ಥಿತಿಗೆ ಜಾಗವಿಲ್ಲ, ಆದರೂ ಸಣ್ಣ ಕ್ಲಸ್ಟರ್‌ಗಳ ಸಾಮರ್ಥ್ಯದಲ್ಲಿ ಒಳ್ಳೆಯ ಪಾಲು ಇಲ್ಲೇ ಸೋರುತ್ತದೆ.

ಒಟ್ಟಿಗೆ ಕೆಡುವುದರ ಪರಿಣಾಮ ಯಾವಾಗಲೂ ಕೆಟ್ಟದ್ದೇ ಎನ್ನುವಂತಿಲ್ಲ, ಇದನ್ನು ಗಮನಿಸಿದವರು ಕಡಿಮೆ. ಮತ್ತೆ ನಮ್ಮ ಹದಿನಾರು ಯಂತ್ರಗಳಿಗೆ ಬನ್ನಿ. ಶೇ. 92.4ರ ಸರಾಸರಿ ಹಾಗೇ ಇರಲಿ, ಆದರೆ ಕೆಟ್ಟಾಗ ಎಲ್ಲವೂ ಒಟ್ಟಿಗೆ ಕೆಡಲಿ, ಎದ್ದಾಗ ಒಟ್ಟಿಗೆ ಏಳಲಿ. ಆಗ ಹದಿನಾರೂ ಬೇಕಾದ ಕೆಲಸಕ್ಕೆ ಸಿಗುವ ಸಂಭವ ಶೇ. 28ರಿಂದ ನೇರ ಶೇ. 92.4ಕ್ಕೆ ಹಾರುತ್ತದೆ. ಒಂದೇ ಯಂತ್ರ ಸಾಕಾದ ವಿದ್ಯಾರ್ಥಿಗೆ ಇದು ತಿರುವುಮುರುವು: ಬಿಡಿಬಿಡಿಯಾಗಿ ಕೆಡುವಾಗ ಅವನಿಗೆ ಯಾವತ್ತೂ ಏನೋ ಒಂದು ಸಿಗುತ್ತಿತ್ತು, ಈಗ ನೂರರಲ್ಲಿ ಏಳೆಂಟು ದಿನ ಏನೂ ಇಲ್ಲ. ಒಂದೇ ಸರಾಸರಿಯಿಂದ ಎರಡು ವಿರುದ್ಧ ತೀರ್ಪು ಬರುತ್ತವೆ. ಆದ್ದರಿಂದ ಕ್ಲಸ್ಟರಿನ ಲಭ್ಯತೆ ಶೇಕಡಾ ಇಷ್ಟು ಎಂದು ಒಂದೇ ಅಂಕಿಯಲ್ಲಿ ಹೇಳುವ ವರದಿಯನ್ನು ನಾನು ನಂಬುವುದಿಲ್ಲ. ಯಾವ ಅಳತೆಯ ಕೆಲಸಕ್ಕೆ ಎಂದು ಕೇಳಲೇಬೇಕು.

ವೈಫಲ್ಯವನ್ನು ತಡೆಯುವುದಕ್ಕಿಂತ ಅದರ ಜೊತೆ ಬಾಳುವಂತೆ ಕೆಲಸವನ್ನೇ ಕತ್ತರಿಸುವ ದಾರಿಯನ್ನು ಗೂಗಲ್ 2004ರಲ್ಲಿ ‘ಮ್ಯಾಪ್‌ರೆಡ್ಯೂಸ್’ ಪ್ರಬಂಧದಲ್ಲಿ ತೋರಿಸಿತು. ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ ಒಂದು ಪ್ರಯೋಗದಲ್ಲಿ 1,746 ಕೆಲಸಗಾರ ಪ್ರಕ್ರಿಯೆಗಳಲ್ಲಿ 200ನ್ನು ಬೇಕೆಂದೇ ನಡುವೆ ಕೊಂದರು; ಒಟ್ಟು ಸಮಯ ಹೆಚ್ಚಿದ್ದು ಶೇ. 5 ಮಾತ್ರ. ಅದೇ ಪ್ರಬಂಧದ ಇನ್ನೊಂದು ಅಂಕಿ ನನಗೆ ಹೆಚ್ಚು ಬೆಲೆಯುಳ್ಳದ್ದು. ಕೊನೆಗೆ ಉಳಿದ ನಿಧಾನದ ತುಂಡುಗಳನ್ನು ಇನ್ನೊಂದು ಯಂತ್ರಕ್ಕೂ ಕೊಟ್ಟು, ಯಾರು ಮೊದಲು ಮುಗಿಸಿದರೂ ಸರಿ ಎನ್ನುವ ಉಪಾಯವನ್ನು ಕೈಬಿಟ್ಟಾಗ ಸಮಯ ಶೇ. 44 ಏರಿತು. ಸತ್ತ ಯಂತ್ರಕ್ಕಿಂತ ಕುಂಟುವ ಯಂತ್ರವೇ ದುಬಾರಿ. ಆದರೆ ತುಂಡು ತುಂಡಾಗಿ ಸ್ವತಂತ್ರವಾಗಿ ಮಾಡಬಹುದಾದ ಕೆಲಸಗಳಿಗೆ ಮಾತ್ರ ಈ ಭಾಗ್ಯ. ಹವಾಮಾನದ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಪ್ರತಿ ಪ್ರೊಸೆಸರ್ ಪಕ್ಕದವನ ಉತ್ತರಕ್ಕೆ ಕಾಯಬೇಕು. ಫ್ಲೋಸಾಲ್ವರ್ ಮುಂದೆ ಮಳೆ ಮುನ್ಸೂಚನೆಯ ‘ವರ್ಷ’ ಮಾದರಿಗೆ ಬಳಕೆಯಾಯಿತು. ಅಂಥ ಕೆಲಸಕ್ಕೆ ಗಡುವೂ ಇದೆ. ನವಲಗುಂದದ ರೈತನಿಗೆ ನಾಳಿನ ಮಳೆಯ ಲೆಕ್ಕ ನಾಡಿದ್ದು ಸಿಕ್ಕರೆ ಏನು ಬಂತು? ಅಲ್ಲಿ ಕೇಳಬೇಕಾದದ್ದು ಸರಾಸರಿ ಸಮಯವನ್ನಲ್ಲ, ಗಡುವಿನೊಳಗೆ ಮುಗಿಯುವ ಸಂಭವವನ್ನು.

ಈಚಿನ ಕೃತಕ ಬುದ್ಧಿಮತ್ತೆಯ ತರಬೇತಿ ಮತ್ತೆ ನಮ್ಮನ್ನು ಆ ಹಳೆಯ, ಎಲ್ಲರೂ ಎಲ್ಲರಿಗಾಗಿ ಕಾಯುವ ಲೋಕಕ್ಕೆ ತಂದಿದೆ. ಮೆಟಾ ಕಂಪನಿ 2024ರಲ್ಲಿ ಪ್ರಕಟಿಸಿದ ವಿವರದಂತೆ 16,384 ಜಿಪಿಯುಗಳಲ್ಲಿ ‘ಲಾಮಾ 3’ ತರಬೇತಿಯ 54 ದಿನಗಳಲ್ಲಿ 419 ಅನಿರೀಕ್ಷಿತ ಅಡಚಣೆಗಳಾದವು. ಮೂರು ಗಂಟೆಗೊಂದು. ಹೀಗಿದ್ದರೂ ಶೇ. 90ಕ್ಕಿಂತ ಹೆಚ್ಚು ಸಮಯ ಉಪಯುಕ್ತ ಕೆಲಸಕ್ಕೆ ಸಂದಿತು ಎನ್ನುತ್ತಾರೆ. ಚೆಕ್‌ಪಾಯಿಂಟ್ ಬೇಗ ಬರೆಯುವುದು, ಬಿದ್ದದ್ದನ್ನು ಬೇಗ ಗುರುತಿಸುವುದು, ಬೇಗ ಎಬ್ಬಿಸುವುದು ಇವುಗಳ ಫಲ ಅದು. ನಡುಮಧ್ಯಾಹ್ನದ ಬಿಸಿಗೆ ಜಿಪಿಯುಗಳ ವೇಗ ಶೇ. 1ರಿಂದ 2ರಷ್ಟು ಏರುಪೇರಾಗುತ್ತಿತ್ತು ಎಂದೂ ಅವರು ಬರೆದಿದ್ದಾರೆ.

ಇದುವರೆಗಿನ ಬಹುಪಾಲು ಮಾದರಿಗಳ ಅಡಿಪಾಯದಲ್ಲಿ ಒಂದು ನಂಬಿಕೆ ಇದೆ: ಕೆಟ್ಟದ್ದು ಕೆಟ್ಟೆನೆಂದು ಗೊತ್ತಾಗುವಂತೆ ಕೆಡುತ್ತದೆ. ಆ ನಂಬಿಕೆ ಈಗ ಸಡಿಲವಾಗಿದೆ. 2021ರಲ್ಲಿ ಫೇಸ್‌ಬುಕ್ ಎಂಜಿನಿಯರುಗಳು ಒಂದು ಪ್ರಸಂಗ ವಿವರಿಸಿದರು. ಕೆಲವು ಫೈಲುಗಳು ಮಾಯವಾಗುತ್ತಿದ್ದವು. ಬೆನ್ನು ಹತ್ತಿ ಹೋದಾಗ ಒಂದು ಪ್ರೊಸೆಸರಿನ ಒಂದೇ ಒಂದು ಕೋರ್ ಸಿಕ್ಕಿತು. 1.1ರ 53ನೇ ಘಾತದ ಪೂರ್ಣಾಂಕ ಭಾಗ ಎಷ್ಟು ಎಂದರೆ ಅದು 156ರ ಬದಲು ಸೊನ್ನೆ ಎನ್ನುತ್ತಿತ್ತು. ಫೈಲಿನ ಗಾತ್ರ ಸೊನ್ನೆ ಎಂದ ಮೇಲೆ ಅದನ್ನು ಬಿಚ್ಚಿ ಬರೆಯುವ ಅಗತ್ಯವೇ ಇಲ್ಲವಲ್ಲ! ಯಾವ ದೀಪವೂ ಕೆಂಪಾಗಲಿಲ್ಲ, ಯಾವ ಲಾಗ್‌ನಲ್ಲೂ ದೋಷದ ಸಾಲಿಲ್ಲ. ಅದೇ ವರ್ಷ ಗೂಗಲ್‌ನವರೂ ಹಲವು ಸಾವಿರ ಯಂತ್ರಗಳಿಗೆ ಇಂಥ ಕೆಲವು ಕೋರ್‌ಗಳು ಸಿಗುತ್ತಿವೆ ಎಂದು ಬರೆದರು. ಇದರ ಮುಂದೆ ಚೆಕ್‌ಪಾಯಿಂಟ್ ನಿರರ್ಥಕ. ತಪ್ಪು ಉತ್ತರವನ್ನೇ ಜೋಪಾನವಾಗಿ ಬರೆದಿಟ್ಟಂತಾಗುತ್ತದೆ. ಮೆಮೊರಿಯ ಮಟ್ಟಿಗೆ ಪಾಠ ಹಿಂದೆಯೇ ಆಗಿತ್ತು. 2003ರಲ್ಲಿ ವರ್ಜೀನಿಯಾ ಟೆಕ್ 1,100 ಆಪಲ್ ಡೆಸ್ಕ್‌ಟಾಪ್‌ಗಳಿಂದ ಜಗತ್ತಿನ ಮೂರನೇ ವೇಗದ ಕಂಪ್ಯೂಟರ್ ಕಟ್ಟಿತು. ಅವುಗಳ ಮೆಮೊರಿಗೆ ದೋಷ ತಿದ್ದುವ ಶಕ್ತಿ ಇರಲಿಲ್ಲ. ಮರುವರ್ಷವೇ ಅಷ್ಟನ್ನೂ ಬದಲಿಸಬೇಕಾಯಿತು. ಪ್ರೊಸೆಸರಿನ ಒಳಗಿನ ಸುಳ್ಳಿಗೆ ಉತ್ತರಗಳು ಮೂರು: ಫಾನ್ ನಾಯ್ಮನ್ ಹೇಳಿದ ಬಹುಮತ; ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ 1982ರಲ್ಲಿ ಸುಳ್ಳು ಹೇಳುವ ಸೇನಾಪತಿಗಳ ರೂಪದಲ್ಲಿ ಒಮ್ಮತದ ಸಮಸ್ಯೆಗೆ ಕೊಟ್ಟ ಪರಿಹಾರ; ಹುವಾಂಗ್ ಮತ್ತು ಜೇಕಬ್ ಅಬ್ರಹಾಂ 1984ರಲ್ಲಿ ತೋರಿಸಿದ, ಮ್ಯಾಟ್ರಿಕ್ಸಿಗೆ ಮೊತ್ತದ ಸಾಲೊಂದನ್ನು ಸೇರಿಸಿ ಕೊನೆಗೆ ತಾಳೆ ನೋಡುವ ಉಪಾಯ. ಮೂರನೆಯದು ಅಂಗಡಿಯವ ಖಾತೆಯಲ್ಲಿ ಅಡ್ಡ ಮೊತ್ತ, ಉದ್ದ ಮೊತ್ತ ಎರಡೂ ಹಾಕಿ ತಾಳೆ ನೋಡಿದ ಹಾಗೆ. ಖರ್ಚು ಅತಿ ಕಡಿಮೆ. ಮೂಕ ತಪ್ಪುಗಳ ದರವನ್ನು ಕೊಟ್ಟು ಇಡೀ ವ್ಯವಸ್ಥೆಯ ಕಾರ್ಯಕ್ಷಮತೆಯನ್ನು ನಂಬುವಂತೆ ಊಹಿಸುವ ಮಾದರಿ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ ಎಂದೇ ನನ್ನ ಅನಿಸಿಕೆ.

ಈಗ ಹುಬ್ಬಳ್ಳಿ-ಧಾರವಾಡಕ್ಕೆ. 1947ರಲ್ಲಿ ಶುರುವಾದ ವಿದ್ಯಾನಗರದ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ; 2016ರಲ್ಲಿ ಬಂದ ಐಐಟಿಗೆ 2023ರಿಂದ ಸ್ವಂತ ಕ್ಯಾಂಪಸ್ ಇದೆ. 2015ರಲ್ಲಿ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ ದೇಶದ ಹಲವು ಊರುಗಳಿಗೆ ಇಂಥ ಯಂತ್ರಗಳು ಬಂದಿವೆ, ಇನ್ನೂ ಬರಲಿವೆ. ಆದರೆ ಈ ಕ್ಷೇತ್ರದ ಸಾಹಿತ್ಯದಲ್ಲಿ ಹೆಚ್ಚಿನ ಪಾಲು ವೈಫಲ್ಯದ ದರಕ್ಕೆ ಮೀಸಲು, ಬಹುಶಃ ಬರೆದವರ ಕೈಗೆ ಬಿಡಿಭಾಗ ಬೇಗ ಸಿಗುವುದರಿಂದ. ನಮ್ಮಲ್ಲಿ ಆಳುವುದು ರಿಪೇರಿಯ ಸಮಯ. ಅದೇ ಹದಿನಾರು ಯಂತ್ರಗಳಿಗೆ ರಿಪೇರಿ 30 ದಿನದಿಂದ 7 ದಿನಕ್ಕೆ ಇಳಿದರೆ, ಹದಿನಾರೂ ಒಟ್ಟಿಗೆ ಸಿಗುವ ಸಂಭವ ಶೇ. 28ರಿಂದ 74ಕ್ಕೆ ಏರುತ್ತದೆ. ರಿಪೇರಿಯನ್ನು ಹಾಗೇ ಬಿಟ್ಟು ಹದಿನೇಳನೇ ಯಂತ್ರವೊಂದನ್ನು ಕೊಂಡರೆ ಶೇ. 63, ಇನ್ನೊಂದನ್ನೂ ಕೊಂಡರೆ ಶೇ. 85. ಒಂದೆರಡು ಪವರ್ ಸಪ್ಲೈ, ನಾಲ್ಕು ಫ್ಯಾನು, ಒಂದೆರಡು ಡಿಸ್ಕು, ಮೆಮೊರಿ ಕಡ್ಡಿಗಳು ಮತ್ತು ಒಂದು ಮದರ್‌ಬೋರ್ಡನ್ನು ಕಪಾಟಿನಲ್ಲಿ ಇಟ್ಟುಕೊಂಡರೆ ಬಹುಪಾಲು ರಿಪೇರಿ ವಾರದೊಳಗೆ ಮುಗಿಯುತ್ತದೆ, ಅದರ ಖರ್ಚು ಒಂದು ಹೊಸ ನೋಡ್‌ಗಿಂತ ಕಡಿಮೆ. ಎರಡರಲ್ಲಿ ಯಾವುದು ತಮಗೆ ಲಾಭ ಎಂದು ಒಂದು ಕಾಲೇಜು ಹೇಳಬೇಕಾದರೆ ಅದರ ಬಳಿ ಪ್ರತಿ ನೋಡ್ ಯಾವತ್ತು ಬಿತ್ತು, ಯಾವತ್ತು ಎದ್ದಿತು, ಏನು ಕೆಟ್ಟಿತ್ತು ಎಂಬ ಮೂರು ಕಾಲಂಗಳ ಕಡತ ಇರಬೇಕು. ಲಾಸ್ ಅಲಮೋಸ್ ಮಾಡಿದಂತೆ ಸಾರ್ವಜನಿಕ ಹಣದ ಯಂತ್ರಗಳೆಲ್ಲ ಆ ಕಡತವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು, ಟೆಂಡರಿನಲ್ಲಿ ಪೆಟಾಫ್ಲಾಪ್ ಪಕ್ಕದಲ್ಲೇ ರಿಪೇರಿಯ ದಿನಗಳನ್ನೂ ಬರೆಯಿಸಬೇಕು.